ಕ್ಷಿತಿಯೆಂಬ ನೋಟು

ಹಳೆಯ ನೋಟುಗಳನ್ನು ಕೂಡಿಡುವ ಗೆಳೆಯರೊಬ್ಬರು ಒಂದು ಸಂಜೆ ತಮ್ಮ ಆಲ್ಬಂನಿಂದ ಒಂದು ಕಾಗದ ತೆಗೆದು ನನ್ನ ಅಂಗೈ ಮೇಲಿಟ್ಟರು. ಹಂಗೇರಿ ದೇಶದ್ದು, 1946ನೇ ಇಸವಿಯದು. ಒಂದು ಮಗ್ಗುಲಲ್ಲಿ ತಲೆಗೆ ವಸ್ತ್ರ ಕಟ್ಟಿಕೊಂಡ ಹೆಂಗಸಿನ ಮುಖ, ಇನ್ನೊಂದರಲ್ಲಿ ಡ್ಯಾನ್ಯೂಬ್ ದಂಡೆಯ ಸಂಸತ್ ಭವನ. ಮೊತ್ತ ಎಷ್ಟೆಂದು ಹುಡುಕಿದೆ. ಸೊನ್ನೆಗಳ ಸಾಲು ಎಲ್ಲೂ ಇರಲಿಲ್ಲ. ‘ನೂರು ಮಿಲಿಯನ್ ಬಿ-ಪೆಂಗೊ’ ಎಂದು ಅಕ್ಷರಗಳಲ್ಲಿ ಬರೆದಿತ್ತು, ಅಷ್ಟೇ. ಆ ‘ಬಿ’ ಎಂಬ ಒಂದಕ್ಷರದೊಳಗೆ ಹನ್ನೆರಡು ಸೊನ್ನೆ ಅಡಗಿದೆ ಎಂದರು ಗೆಳೆಯರು. ನಮ್ಮ ಲೆಕ್ಕದಲ್ಲಿ ಅದು ಒಂದು ಲಕ್ಷ ಕೋಟಿ. ಅದನ್ನು ಮತ್ತೆ ಹತ್ತು ಕೋಟಿಯಿಂದ ಗುಣಿಸಬೇಕು. ಆಗ ಒಂದರ ಮುಂದೆ ಇಪ್ಪತ್ತು ಸೊನ್ನೆ ಬರುತ್ತದೆ. ಲೋಕದಲ್ಲಿ ಈವರೆಗೆ ಜನರ ಕೈಯಿಂದ ಕೈಗೆ ಓಡಾಡಿದ ನೋಟುಗಳಲ್ಲಿ ಇದಕ್ಕಿಂತ ದೊಡ್ಡ ಮೊತ್ತದ್ದು ಇಲ್ಲ.

ಅಂಗೈಗೆ ಅದರ ಭಾರವೇ ತಿಳಿಯಲಿಲ್ಲ. ಫ್ಯಾನಿನ ಗಾಳಿಗೆ ಅಂಚು ಏಳುತ್ತಿತ್ತು. ಹಾರಿ ಹೋದೀತೆಂದು ಹೆಬ್ಬೆರಳಿನಿಂದ ಒತ್ತಿ ಹಿಡಿದೆ.

ಇಪ್ಪತ್ತು ಸೊನ್ನೆಯ ಆ ಸಂಖ್ಯೆಗೆ ನಮ್ಮಲ್ಲಿ ಒಂದು ಹೆಸರು ಮೊದಲೇ ಇತ್ತು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಬರೆದರು. ಅದರಲ್ಲಿ ಸಂಖ್ಯೆಯ ಇಪ್ಪತ್ನಾಲ್ಕು ಸ್ಥಾನಗಳಿಗೆ ಹೆಸರುಗಳಿವೆ. ಏಕ, ದಶ, ಶತದಿಂದ ಹೊರಟ ಪಟ್ಟಿ ಕೋಟಿ, ಅರ್ಬುದ, ಖರ್ವ, ಪದ್ಮ, ಶಂಖಗಳನ್ನು ದಾಟಿ ಮಹಾಕ್ಷೋಭದಲ್ಲಿ ನಿಲ್ಲುತ್ತದೆ. ಇಪ್ಪತ್ತೊಂದನೆಯ ಸ್ಥಾನ, ಅಂದರೆ ಇಪ್ಪತ್ತು ಸೊನ್ನೆಯದು, ‘ಕ್ಷಿತಿ’. ಕ್ಷಿತಿ ಎಂದರೆ ಭೂಮಿ. ಸಂಸ್ಕೃತದಲ್ಲಿ ಆ ಪದಕ್ಕೆ ಇನ್ನೊಂದು ಅರ್ಥವೂ ಇದೆ: ಕ್ಷಯ, ನಾಶ. ನೆಲೆಸುವುದಕ್ಕೂ ಸವೆಯುವುದಕ್ಕೂ ಅಲ್ಲಿ ಒಂದೇ ಉಚ್ಚಾರಣೆಯ ಧಾತುಗಳಿವೆ. ನಾವು ನೆಲೆಸಿರುವ ನೆಲದ ಹೆಸರಿನೊಳಗೇ ಸವೆತವೂ ಕೂತಿದೆ.

ಜೈನ ಚಿಂತಕರಿಗೆ ಅಷ್ಟು ದೊಡ್ಡ ಸಂಖ್ಯೆಗಳು ಬೇಕಾಗಿದ್ದವು. ಕೋಟಿಯನ್ನು ಕೋಟಿಯಿಂದ ಗುಣಿಸಿ ಕೋಟಾಕೋಟಿ ಸಾಗರವೆಂಬ ಅಳತೆಯಲ್ಲಿ ಅವರು ಕಾಲಚಕ್ರದ ಉರುಳನ್ನು ಎಣಿಸಿದರು. ಆ ಎಣಿಕೆಯ ಮುಂದೆ ನಿಂತವನಿಗೆ ತನ್ನ ಎಪ್ಪತ್ತೆಂಬತ್ತು ವರ್ಷ ಎಷ್ಟೆಂಬುದು ತಾನಾಗಿ ತಿಳಿಯುತ್ತದೆ. ಹನ್ನೆರಡು ಅನುಪ್ರೇಕ್ಷೆಗಳಲ್ಲಿ, ಅಂದರೆ ಮತ್ತೆ ಮತ್ತೆ ಧ್ಯಾನಿಸಬೇಕಾದ ಸಂಗತಿಗಳಲ್ಲಿ, ಅವರು ಮೊದಲಿಗೆ ಇಟ್ಟದ್ದು ಅನಿತ್ಯವನ್ನು. ದೊಡ್ಡ ಸಂಖ್ಯೆ ಅವರಿಗೆ ವಿನಯದ ಪಾಠ. ಬುಡಾಪೆಸ್ಟಿನಲ್ಲಿ ಅದೇ ಸಂಖ್ಯೆ ಪೇಟೆಗೆ ಇಳಿದು ರೊಟ್ಟಿಯ ಅಂಗಡಿಯ ಮುಂದೆ ಬಂದು ನಿಂತಿತು.

‘ಪೆಂಗೊ’ ಎಂಬ ಹೆಸರಿನ ಅರ್ಥ ತಿಳಿದಾಗ ನನಗೆ ಕಸಿವಿಸಿಯಾಯಿತು. ಹಂಗೇರಿಯ ಭಾಷೆಯಲ್ಲಿ ಆ ಪದದ ಮೂಲ ಅರ್ಥ ‘ದನಿಗೊಡುವುದು’, ಝಣ್ ಎನ್ನುವುದು. ಕಲ್ಲಿನ ಮೇಲೆ ಬಡಿದರೆ ಖಣಿಲ್ಲೆನ್ನುವ ಅಸಲಿ ಬೆಳ್ಳಿ ನಾಣ್ಯಕ್ಕೆ ಸಲ್ಲುವ ಮಾತು ಅದು. ಮೊದಲ ಮಹಾಯುದ್ಧದ ನಂತರ ಅಲ್ಲಿನ ಹಿಂದಿನ ಹಣವಾದ ಕೊರೊನ ಬೆಲೆ ಕಳೆದುಕೊಂಡಿತ್ತು. ಆಗ 12,500 ಕೊರೊನಕ್ಕೆ ಒಂದು ಪೆಂಗೊ ಎಂಬ ಲೆಕ್ಕದಲ್ಲಿ 1927ರ ಜನವರಿ 1ರಿಂದ ಹೊಸ ಹಣ ಬಂತು. ಒಂದು ಪೆಂಗೊ ನಾಣ್ಯದಲ್ಲಿ ನಿಜವಾಗಿ ಬೆಳ್ಳಿ ಇತ್ತು, ಅದು ದನಿಗೊಡುತ್ತಿತ್ತು. ಒಮ್ಮೆ ಸುಟ್ಟುಕೊಂಡ ಜನ ಈ ಸಲ ಕಿವಿಯಿಂದ ಪರೀಕ್ಷಿಸಿ ನಂಬಬಹುದಾದ ಹೆಸರೊಂದನ್ನು ಆರಿಸಿಕೊಂಡಿದ್ದರು. ಹತ್ತೊಂಬತ್ತು ವರ್ಷಗಳಲ್ಲಿ ಆ ಹೆಸರು ದನಿಯೇ ಇಲ್ಲದ ಕಾಗದದ ಮೇಲೆ ಉಳಿಯಿತು.

ಅದು ಹಾಗಾದದ್ದು ಹೇಗೆ? 1944ರ ಡಿಸೆಂಬರಿನಿಂದ 1945ರ ಫೆಬ್ರುವರಿವರೆಗೆ ಬುಡಾಪೆಸ್ಟ್ ಮುತ್ತಿಗೆಯಲ್ಲಿತ್ತು. ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ಡ್ಯಾನ್ಯೂಬ್ ಮೇಲಿನ ಸೇತುವೆಗಳನ್ನೆಲ್ಲ ಸಿಡಿಸಿಹಾಕಿತು. ಬುಡಾ ಮತ್ತು ಪೆಸ್ಟ್ ಮತ್ತೆ ಎರಡು ಊರುಗಳಾದವು. ಕಾರ್ಖಾನೆಗಳು ಮುರಿದುಬಿದ್ದಿದ್ದವು, ರೈಲುಗಳು ಅಪರೂಪವಾಗಿದ್ದವು. ಸೋತ ದೇಶವೆಂದು ಸೋವಿಯತ್ ಒಕ್ಕೂಟ, ಯುಗೊಸ್ಲಾವಿಯಾ, ಚೆಕೊಸ್ಲೊವಾಕಿಯಾಗಳಿಗೆ ಒಟ್ಟು 30 ಕೋಟಿ ಡಾಲರ್ ಬೆಲೆಯ ಯುದ್ಧ ಪರಿಹಾರ ಕೊಡಬೇಕಿತ್ತು. ಬೀಡುಬಿಟ್ಟ ಸೋವಿಯತ್ ಸೇನೆಯ ಖರ್ಚೂ ಹಂಗೇರಿಯ ಮೇಲೆಯೇ. ತೆರಿಗೆಯಿಂದ ಖರ್ಚು ಸರಿದೂಗುವಂತಿರಲಿಲ್ಲ. ಸರಕಾರ ನೋಟು ಅಚ್ಚು ಹಾಕಿತು. ಸರಕು ಹೆಚ್ಚದೆ ನೋಟು ಹೆಚ್ಚಿತು, ಬೆಲೆ ಏರಿತು. ಏರಿದ ಬೆಲೆಗೆ ಕೊಳ್ಳಲು ಇನ್ನಷ್ಟು ನೋಟು ಬೇಕಾಯಿತು. ಕೈಗೆ ಬಂದ ನೋಟು ಸಂಜೆಯೊಳಗೆ ಕರಗುತ್ತದೆಂದು ಗೊತ್ತಾದ ಜನ ಅದನ್ನು ಬೆಳಿಗ್ಗೆಯೇ ದಾಟಿಸಿದರು. ಕೈ ಬದಲಾಗುವ ವೇಗವೇ ಬೆಲೆಯನ್ನು ಇನ್ನಷ್ಟು ಮೇಲೆ ತಳ್ಳಿತು.

1945ರ ಡಿಸೆಂಬರಿನಲ್ಲಿ ಸರಕಾರ ಒಂದು ಉಪಾಯ ಹೂಡಿತು. ಸಾವಿರ ಪೆಂಗೊ ಮತ್ತು ಅದಕ್ಕೂ ಮೇಲಿನ ನೋಟುಗಳಿಗೆ ಒಂದು ಚೀಟಿ ಅಂಟಿಸಬೇಕು, ಚೀಟಿಯ ಬೆಲೆ ನೋಟಿನ ಮೂರು ಪಟ್ಟು. ಅಂದರೆ ನಾಲ್ಕು ನೋಟಿದ್ದವರು ಮೂರನ್ನು ಕೊಟ್ಟು ಒಂದನ್ನು ಉಳಿಸಿಕೊಳ್ಳಬೇಕು. 1946ರ ಜನವರಿಯಲ್ಲಿ ಇನ್ನೊಂದು ಉಪಾಯ ಬಂತು. ತೆರಿಗೆಯ ಲೆಕ್ಕಕ್ಕೆಂದು ‘ಅಡೊಪೆಂಗೊ’, ತೆರಿಗೆ ಪೆಂಗೊ ಎಂಬ ಬೇರೆ ಹಣ ಹುಟ್ಟಿತು. ಈವತ್ತು ಅದಕ್ಕೆ ಎಷ್ಟು ಪೆಂಗೊ ಎಂದು ರೇಡಿಯೊದಲ್ಲಿ ದಿನವೂ ಹೇಳುತ್ತಿದ್ದರು. ಕೊನೆಕೊನೆಗೆ ಆ ಅಡೊಪೆಂಗೊವೇ ನೋಟಾಗಿ ಅಚ್ಚಾಯಿತು, ಅದೂ ಕರಗತೊಡಗಿತು. 1946ರ ಜುಲೈಯಲ್ಲಿ ಬೆಲೆಗಳು ಸರಿಸುಮಾರು ಹದಿನೈದು ಗಂಟೆಗೊಮ್ಮೆ ಇಮ್ಮಡಿಯಾಗುತ್ತಿದ್ದವು.

ಗೆಳೆಯರು ಆಲ್ಬಂನ ಪುಟ ತಿರುವಿ ಇನ್ನೆರಡು ನೋಟು ತೋರಿಸಿದರು. ಅದೇ ಹೆಂಗಸು, ಅದೇ ತಲೆವಸ್ತ್ರ, ಅದೇ ಸಂಸತ್ ಭವನ. ಬಣ್ಣ ಮಾತ್ರ ಬೇರೆ. ಒಂದರ ಮೇಲೆ ‘ನೂರು ಮಿಲಿಯನ್ ಪೆಂಗೊ’, ಇನ್ನೊಂದರ ಮೇಲೆ ‘ನೂರು ಮಿಲಿಯನ್ ಮಿಲ್‌ಪೆಂಗೊ’. ಮಿಲ್ ಎಂದರೆ ಹತ್ತು ಲಕ್ಷ ಪಟ್ಟು. ಹೊಸ ಚಿತ್ರ ಬರೆಸಲು, ಹೊಸ ಅಚ್ಚು ಕೊರೆಸಲು ಪುರುಸೊತ್ತಿರಲಿಲ್ಲ. ಹಾಗಾಗಿ ಕೆಲವೇ ತಿಂಗಳ ಅಂತರದಲ್ಲಿ ಒಂದೇ ಮುಖದ ಕೆಳಗೆ ಮೂರು ಮೊತ್ತಗಳು ಬಂದುಹೋದವು. ಮಹಾವೀರಾಚಾರ್ಯರ ಪಟ್ಟಿ ಹಿಡಿದರೆ ಮೊದಲು ದಶಕೋಟಿ, ಆಮೇಲೆ ಪದ್ಮ, ಕೊನೆಗೆ ಕ್ಷಿತಿ. ಅದಕ್ಕೂ ಹತ್ತುಪಟ್ಟು ದೊಡ್ಡದೊಂದು, ಮಹಾಕ್ಷಿತಿಯ ನೋಟು, ಅಚ್ಚಾಗಿ ತಯಾರಿತ್ತು. ಅದು ಜನರ ಕೈ ಸೇರುವ ಮೊದಲೇ ಪೆಂಗೊ ಸತ್ತಿತು. 1946ರ ಆಗಸ್ಟ್ 1ರಂದು ಫೊರಿಂಟ್ ಎಂಬ ಹೊಸ ಹಣ ಬಂತು. ಒಂದು ಫೊರಿಂಟಿಗೆ ಎಷ್ಟು ಪೆಂಗೊ? ನಾಲ್ಕರ ಮುಂದೆ ಇಪ್ಪತ್ತೊಂಬತ್ತು ಸೊನ್ನೆ. ಆ ಸ್ಥಾನಕ್ಕೆ ಮಹಾವೀರಾಚಾರ್ಯರ ಪಟ್ಟಿಯಲ್ಲೂ ಹೆಸರಿಲ್ಲ. ಕ್ಷೋಭ, ಮಹಾಕ್ಷೋಭಗಳನ್ನು ದಾಟಿ ಹೆಸರುಗಳೇ ಮುಗಿದುಹೋದ ಬಯಲಿಗೆ ಪೆಂಗೊ ಹೋಗಿ ಬಿದ್ದಿತ್ತು. ಆ ದಿನಗಳ ಒಂದು ಛಾಯಾಚಿತ್ರದಲ್ಲಿ ಬೀದಿ ಗುಡಿಸುವವನೊಬ್ಬ ತರಗೆಲೆಗಳಂತೆ ಬಿದ್ದ ನೋಟುಗಳನ್ನು ಪೊರಕೆಯಿಂದ ತಳ್ಳುತ್ತಿದ್ದಾನೆ.

ಇಂಥ ಚಿತ್ರ ಕಂಡಾಗ ನಮ್ಮ ಬಾಯಿಗೆ ಸುಲಭವಾಗಿ ಬರುವ ಮಾತೊಂದಿದೆ: ‘ನೋಡಿ, ದುಡ್ಡು ಎಷ್ಟು ಕ್ಷಣಿಕ! ಎಲ್ಲವೂ ಅನಿತ್ಯ.’ ನನಗೂ ಮೊದಲು ಬಂದದ್ದು ಅದೇ. ಆದರೆ ಆ ಹೆಂಗಸಿನ ಮುಖ ನೋಡುತ್ತ ಕೂತಾಗ ಆ ಮಾತು ಗಂಟಲಲ್ಲೇ ನಿಂತಿತು. ಆ ನೋಟುಗಳನ್ನು ಹಿಡಿದು ರೊಟ್ಟಿಗಾಗಿ ಸಾಲಿನಲ್ಲಿ ನಿಂತವರಿಗೆ ಈ ವೇದಾಂತ ಹೇಳುವ ಅಧಿಕಾರ ನನಗಿದೆಯೇ? ಮೂವತ್ತು ವರ್ಷ ದುಡಿದು ಕೂಡಿಟ್ಟ ಠೇವಣಿ ಒಂದು ಬೆಂಕಿಪೊಟ್ಟಣಕ್ಕೂ ಸಾಲದೆ ಹೋದ ಮುದುಕನಿಗೆ ವೈರಾಗ್ಯದ ಪಾಠ ಹೇಳುವುದು ಗಾಯಕ್ಕೆ ಉಪ್ಪು ಸವರಿದಂತೆ. ವೈರಾಗ್ಯ ಎಂದರೆ ಇರುವುದನ್ನು ಬಿಡುವುದು. ಇರುವುದನ್ನು ಕಿತ್ತುಕೊಂಡ ಮೇಲೆ ಬಿಡಲು ಏನು ಉಳಿದಿರುತ್ತದೆ?

ಅನಿತ್ಯದಲ್ಲಿ ಎರಡು ಬಗೆ ಇದೆ ಎಂದು ನನಗೆ ಅನ್ನಿಸುತ್ತದೆ. ಎಲೆ ಹಣ್ಣಾಗಿ ಉದುರುವುದು ಒಂದು ಬಗೆ. ಅದಕ್ಕೆ ತನ್ನದೇ ಆದ ನಡೆ ಇದೆ. ರಾಗಿ ಬಿತ್ತಿದವನಿಗೆ ನಾಲ್ಕು ತಿಂಗಳು ಕಾಯಬೇಕೆಂದು ಗೊತ್ತು. ಮಗು ತನ್ನ ಕಾಲ ಮೇಲೆ ನಿಲ್ಲಲು ಇಪ್ಪತ್ತು ವರ್ಷ ಬೇಕೆಂದು ತಾಯಿಗೆ ಗೊತ್ತು. ಆ ನಡೆಗೆ ಹೊಂದಿಕೊಂಡು ಮನುಷ್ಯ ಬದುಕು ಕಟ್ಟುತ್ತಾನೆ, ಕೊನೆಗೆ ಬಿಟ್ಟುಕೊಡುತ್ತಾನೆ. ಇನ್ನೊಂದು ಬಗೆ ಮರವನ್ನೇ ಕಡಿದು ‘ಎಲೆ ಉದುರುವುದು ಸಹಜ’ ಎನ್ನುವುದು. ಬುಡಾಪೆಸ್ಟಿನಲ್ಲಿ ನಡೆದದ್ದು ಈ ಎರಡನೆಯದು. ಯುದ್ಧ ಹೂಡಿದವರಿದ್ದರು, ಸೇತುವೆ ಸಿಡಿಸಿದವರಿದ್ದರು, ಸೋತವರಿಂದ ಇಷ್ಟು ಬರಬೇಕೆಂದು ಬರೆಸಿಕೊಂಡವರಿದ್ದರು, ಅಚ್ಚಿನ ಯಂತ್ರ ನಿಲ್ಲಿಸದೆ ಇರಲು ತೀರ್ಮಾನಿಸಿದವರಿದ್ದರು. ಸಾವು ಎಲ್ಲರಿಗೂ ಬರುತ್ತದೆ ಎಂಬ ಮಾತು ಕೊಲೆಗಾರನ ಬಾಯಲ್ಲಿ ಸತ್ಯವಾಗುವುದಿಲ್ಲ. ಅನಿತ್ಯತೆಯನ್ನು ಧ್ಯಾನಿಸುವವರು ಈ ವ್ಯತ್ಯಾಸವನ್ನು ಕಣ್ಣಮುಂದೆಯೇ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ನಮ್ಮ ತತ್ತ್ವ ಅನ್ಯಾಯಕ್ಕೆ ಹೊದಿಕೆಯಾಗುತ್ತದೆ.

ಹಾಗಾದರೆ ಆ ವರ್ಷ ಉಳಿದದ್ದು ಏನು? ಜೈನರು ವಸ್ತುವಿನ ಲಕ್ಷಣ ಹೇಳುವಾಗ ಮೂರು ಪದ ಬಳಸುತ್ತಾರೆ: ಉತ್ಪಾದ, ವ್ಯಯ, ಧ್ರೌವ್ಯ. ಹುಟ್ಟುವುದು, ಅಳಿಯುವುದು, ಈ ಎರಡರ ನಡುವೆಯೂ ನಿಲ್ಲುವುದು. ಸಮಂತಭದ್ರಾಚಾರ್ಯರು ‘ಆಪ್ತಮೀಮಾಂಸೆ’ಯಲ್ಲಿ ಇದಕ್ಕೊಂದು ದೃಷ್ಟಾಂತ ಕೊಟ್ಟಿದ್ದಾರೆ. ಬಂಗಾರದ ಕೊಡವನ್ನು ಕರಗಿಸಿ ಕಿರೀಟ ಮಾಡುತ್ತಾರೆ. ಕೊಡ ಬೇಕಾಗಿದ್ದವನಿಗೆ ದುಃಖ, ಕಿರೀಟ ಬೇಕಾಗಿದ್ದವನಿಗೆ ಹಿಗ್ಗು, ಬಂಗಾರವಷ್ಟೇ ಬೇಕಾಗಿದ್ದವನ ಮನಸ್ಸು ಕದಲುವುದಿಲ್ಲ. ವ್ಯಯ ಎಂಬ ಪದಕ್ಕೆ ಕನ್ನಡದಲ್ಲಿ ಖರ್ಚು ಎಂಬ ಅರ್ಥವೂ ಇದೆ. ಸರಕಾರದ ಬಜೆಟ್ಟನ್ನು ಆಯವ್ಯಯ ಎನ್ನುತ್ತೇವೆ. ಹಂಗೇರಿಯಲ್ಲಿ ನೋಟಿನ ಉತ್ಪಾದವನ್ನೂ ವ್ಯಯವನ್ನೂ ಲೋಕ ಕಂಡಿತು. ಅದರ ಧ್ರೌವ್ಯ ಯಾವುದಾಗಿತ್ತು?

ಬಂಗಾರ ಎನ್ನಬಹುದು. ಹಂಗೇರಿಯ ಕೇಂದ್ರ ಬ್ಯಾಂಕಿನ ಬಂಗಾರ ಯುದ್ಧದ ಕೊನೆಗೆ ಆಸ್ಟ್ರಿಯದ ಒಂದು ಹಳ್ಳಿಗೆ ಸಾಗಿಹೋಗಿತ್ತು. ಅಮೆರಿಕನ್ ಸೇನೆಯ ವಶವಾದ ಅದು 1946ರ ಆಗಸ್ಟ್ 6ರಂದು ರೈಲಿನಲ್ಲಿ ಬುಡಾಪೆಸ್ಟಿಗೆ ಮರಳಿ ಬಂತು. ಫೊರಿಂಟ್ ಹುಟ್ಟಿ ಆಗಲೇ ಐದು ದಿನವಾಗಿತ್ತು. ಬಂಗಾರದ ಗಟ್ಟಿಗಳು ಹೋದ ಹಾಗೇ ಹೊಳೆಯುತ್ತ ಬಂದವು, ನಿಜ. ಆದರೆ ಆ ಹದಿನೆಂಟು ತಿಂಗಳು ಜನರನ್ನು ಬದುಕಿಸಿದ್ದು ಅವಲ್ಲ.

ಬದುಕಿಸಿದ್ದು ಗಂಟುಗಳು. ಪಟ್ಟಣದ ಜನ ಕೋಟು, ಹಾಸು ಹೊದಿಕೆ, ಮದುವೆಯ ಉಂಗುರಗಳನ್ನು ಗಂಟು ಕಟ್ಟಿಕೊಂಡು, ಸಿಕ್ಕಿದ ರೈಲಿನ ಚಾವಣಿ ಹತ್ತಿ ಹಳ್ಳಿಗಳಿಗೆ ಹೋಗುತ್ತಿದ್ದರು. ಹಿಟ್ಟು, ಕೊಬ್ಬು, ಬೀನ್ಸ್ ಕಟ್ಟಿಕೊಂಡು ಬರುತ್ತಿದ್ದರು. ಗಂಟಿಗೆ ಅವರ ಮಾತಿನಲ್ಲಿ ‘ಬಟ್ಯು’ ಎನ್ನುತ್ತಾರೆ. ಆ ಅಲೆದಾಟಕ್ಕೂ ಅದರಿಂದಲೇ ಹೆಸರು ಬಂತು. ಕನ್ನಡದಲ್ಲಿ ಗಂಟು ಎಂದರೆ ಬಟ್ಟೆಯ ಮೂಟೆಯೂ ಹೌದು, ಕೂಡಿಟ್ಟ ದುಡ್ಡೂ ಹೌದು. ಎರಡನೆಯ ಗಂಟು ಕರಗಿದಾಗ ಅವರು ಮೊದಲನೆಯದನ್ನು ಹೊತ್ತರು. ಎಷ್ಟೋ ಕಾರ್ಖಾನೆಗಳು ಸಂಬಳದ ಒಂದು ಪಾಲನ್ನು ಆಹಾರವಾಗಿಯೇ ಕೊಟ್ಟವು. ಕೆಲಸದವರು ಕೆಲಸ ಬಿಡಲಿಲ್ಲ. ಬೆಳಿಗ್ಗೆಗೂ ರಾತ್ರಿಗೂ ನಡುವೆ ಸಂಬಳ ಕರಗುತ್ತಿದ್ದ ಆ ತಿಂಗಳುಗಳಲ್ಲೇ ಅವರು ಹಳಿ ಜೋಡಿಸಿದರು, ಇಟ್ಟಿಗೆ ಎತ್ತಿದರು. ಸಿಡಿದುಹೋದ ಸರಪಳಿ ಸೇತುವೆ, ಮೊದಲು ತೆರೆದು ನೂರು ವರ್ಷ ತುಂಬಿದ 1949ರಲ್ಲಿ, ಮತ್ತೆ ಜನರ ಓಡಾಟಕ್ಕೆ ತೆರೆಯಿತು. ಅದರ ಮೇಲೆ ಈಗ ನಡೆಯುವವರು ಆ ದುಡಿಮೆಯ ಮೇಲೆಯೇ ಕಾಲಿಡುತ್ತಾರೆ.

ಇದಕ್ಕೆ ನಮ್ಮಲ್ಲಿ ಒಂದು ಪದ ಇದೆ, ಋಣ. ಸಾಲ ಬೇರೆ, ಋಣ ಬೇರೆ. ಪೆಂಗೊದಲ್ಲಿ ಬರೆದ ಹಳೆಯ ಸಾಲಗಳು ಆ ವರ್ಷ ಹುಲ್ಲುಕಡ್ಡಿಗಿಂತ ಹಗುರವಾದವು. ಮನೆ ಕಟ್ಟಲು ಕೊಟ್ಟಿದ್ದ ದುಡ್ಡು ಒಂದು ಮೊಟ್ಟೆಯ ಬೆಲೆಯಾಗಿ ಹಿಂದಿರುಗಬಹುದಿತ್ತು. ಕಾಗದದ ಲೆಕ್ಕದಲ್ಲಿ ಸಾಲ ಮುಗಿಯಿತು. ಋಣ ಮುಗಿಯಿತೆ? ಕೊಟ್ಟವನ ಬೆವರನ್ನು ಪಡೆದವನು ಕೊನೆಯ ತನಕ ಹೊತ್ತುಕೊಂಡೇ ಇರುತ್ತಾನೆ, ಅವನಿಗೆ ಅದು ನೆನಪಿರಲಿ, ಬಿಡಲಿ. ನೋಟು ಎಂದರೆ ಊರೆಲ್ಲ ಸೇರಿ ಒಬ್ಬನಿಗೆ ಬರೆದುಕೊಟ್ಟ ಋಣಪತ್ರ. ನೀನು ದುಡಿದಿದ್ದೀಯೆ, ಅಷ್ಟನ್ನು ನಾವು ನಿನಗೆ ತೀರಿಸಬೇಕು ಎಂದು ಅದು ಹೇಳುತ್ತದೆ. ಪತ್ರ ಗುಡಿಸಿಹೋಗಬಹುದು. ತೀರಿಸಬೇಕಾದದ್ದು ಗುಡಿಸಿಹೋಗುವುದಿಲ್ಲ. ಹಣದ ಧ್ರೌವ್ಯ ಇದೇ ಎಂದು ನಾನು ನಂಬುತ್ತೇನೆ. ಅದು ಬಂಗಾರದಲ್ಲೂ ಇಲ್ಲ, ಕಾಗದದಲ್ಲೂ ಇಲ್ಲ. ಒಬ್ಬರ ದುಡಿಮೆಯಿಂದ ಇನ್ನೊಬ್ಬರು ಬದುಕುತ್ತೇವೆ ಎಂಬ, ಯಾರೂ ಅಳಿಸಲಾರದ ಸಂಗತಿಯಲ್ಲಿ ಇದೆ. ನೋಟನ್ನು ಕೆಡಿಸುವ ರಾಜ್ಯ ಕಾಗದವನ್ನಷ್ಟೇ ಕೆಡಿಸುವುದಿಲ್ಲ. ಋಣ ತಾನು ತೀರಿಸುವುದಿಲ್ಲವೆಂದು ಎಲ್ಲರ ಮುಂದೆ ಹೇಳಿದಂತೆ. ಫೊರಿಂಟ್ ನಿಂತದ್ದು ಅದರ ಹೆಸರಿನ ಬಲದಿಂದಲ್ಲ. ಇನ್ನು ಅಚ್ಚು ಹಾಕುವುದಕ್ಕೆ ಮಿತಿ ಇದೆ ಎಂದು ಸರಕಾರ ತನ್ನ ಕೈಯನ್ನೇ ಕಟ್ಟಿಕೊಂಡದ್ದರಿಂದ ನಿಂತಿತು. ಇವತ್ತಿಗೂ ಹಂಗೇರಿಯಲ್ಲಿ ನಡೆಯುವುದು ಅದೇ ಫೊರಿಂಟ್.

ಗೆಳೆಯರ ಮನೆಯ ಮೇಜಿನ ಮೇಲೆ ಆ ನೋಟಿನ ಪಕ್ಕದಲ್ಲಿ ನನ್ನ ಜೇಬಿನ ನೂರರ ನೋಟೊಂದನ್ನು ಇಟ್ಟು ನೋಡಿದೆ. ಹಿಂಬದಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡ ನಾಲ್ಕನೆಯದು. ನಮ್ಮ ನೋಟು ಅಚ್ಚಾಗುವ ನಾಲ್ಕು ಊರುಗಳಲ್ಲಿ ಮೈಸೂರೂ ಒಂದು. ನೋಟಿನ ಕಾಗದ ತಯಾರಿಸುವ ಕಾರ್ಖಾನೆಯೂ ಅಲ್ಲಿದೆ. ಮುಂಬದಿಯಲ್ಲಿ ರಿಸರ್ವ್ ಬ್ಯಾಂಕಿನ ಗವರ್ನರ್ ಧಾರಕನಿಗೆ ಇಷ್ಟು ಸಲ್ಲಿಸುವೆನೆಂದು ಸಹಿ ಹಾಕಿದ್ದಾರೆ. ಆ ಸಾಲಿನ ಹಿಂದಿಯಲ್ಲಿ ಇರುವ ಪದ ‘ವಚನ’. ಹಿಂದಿಯವರಿಗೆ ಅದು ಕೊಟ್ಟ ಮಾತು. ಕನ್ನಡದವರ ಕಿವಿಗೆ ಅದು ಹನ್ನೆರಡನೆಯ ಶತಮಾನದ ದನಿ. ಕಾಯಕ ಮಾಡುವವರು ನುಡಿದಂತೆ ನಡೆಯಬೇಕೆಂದು ತಮಗೆ ತಾವೇ ಹಾಕಿಕೊಂಡ ಕಟ್ಟು ಅದರಲ್ಲಿದೆ. ಎಷ್ಟೋ ಸಾವಿರ ಸಲ ಎಣಿಸಿ ಕೊಟ್ಟ ಕಾಗದದ ಮೇಲೆ ಆ ಪದ ಇರುವುದನ್ನು ನಾನು ಅಂದಿನವರೆಗೆ ಗಮನಿಸಿಯೇ ಇರಲಿಲ್ಲ. ನೋಟು ಹರಿಯುತ್ತದೆ, ಮಾಸುತ್ತದೆ, ಬ್ಯಾಂಕಿಗೆ ಹೋಗಿ ಚೂರಾಗುತ್ತದೆ. ಅದು ಸಹಜವಾದ ಸಾವು. ಹೊಸದೊಂದು ಕಾಗದ ಅದೇ ಮಾತನ್ನು ಹೊತ್ತು ಬರುತ್ತದೆ. ಮಾತೇ ಸತ್ತರೆ ಮಾತ್ರ ಹೊಸ ಕಾಗದದಿಂದ ಏನೂ ಆಗುವುದಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ತರಕಾರಿ ಕೊಂಡೆ. ಅರವತ್ತೆಂಟು ರೂಪಾಯಿ ಆಯಿತು. ನೂರರ ನೋಟಿಗೆ ಚಿಲ್ಲರೆ ಇಲ್ಲವೆಂದರು ಆ ತಾಯಿ. ಜೇಬಿನಲ್ಲಿ ಬಿಡಿಯಾಗಿ ಇದ್ದದ್ದು ಅರವತ್ತು. ತಲೆ ಮೇಲೆ ಹೊದ್ದಿದ್ದ ಸೆರಗು ಸರಿಪಡಿಸಿಕೊಳ್ಳುತ್ತ, ‘ಇರ್ಲಿ ಬಿಡಿ ಸ್ವಾಮಿ, ನಾಳೆ ಕೊಡೀರಂತೆ’ ಎಂದು ಸೊಪ್ಪಿನ ಕಟ್ಟನ್ನು ಚೀಲಕ್ಕೆ ಹಾಕಿಕೊಟ್ಟರು.

ನಾಳೆ ಕೊಡಿ. ಈ ಎರಡು ಪದಗಳನ್ನು ನಾನು ಅದೆಷ್ಟು ಸಲ ಕೇಳಿದ್ದೇನೋ. ಆ ಸಂಜೆ ಅವು ಬೇರೆಯಾಗಿ ಕೇಳಿದವು. 1946ರ ಜುಲೈಯಲ್ಲಿ ಬುಡಾಪೆಸ್ಟಿನ ಯಾವ ಸಂತೆಯಲ್ಲೂ ಯಾರೂ ಈ ಮಾತು ಹೇಳುವಂತಿರಲಿಲ್ಲ. ಅಷ್ಟು ಕೋಟಿ ಕೋಟಿ ಸೊನ್ನೆಗಳ ನಡುವೆ ಅವರು ಕಳೆದುಕೊಂಡದ್ದು ಈ ಎರಡು ಪದಗಳನ್ನು. ನಾಳೆಯೂ ಅನಿತ್ಯವೇ. ಬೆಳಗಾಗುವುದರೊಳಗೆ ಆಕೆಯೂ ಇರದೆ ಹೋಗಬಹುದು, ನಾನೂ ಇರದೆ ಹೋಗಬಹುದು. ಅದು ಗೊತ್ತಿದ್ದೂ ಆಕೆ ಅಷ್ಟು ನಿರಾಳವಾಗಿ ನಾಳೆಯನ್ನು ನನ್ನ ಕೈಗಿಟ್ಟಿದ್ದರು.

ಮರುದಿನ ಬೆಳಿಗ್ಗೆ ಆರೂವರೆಗೇ ಹೋದೆ. ಆಕೆ ಬುಟ್ಟಿಯಿಂದ ಸೊಪ್ಪು ಇಳಿಸುತ್ತಿದ್ದರು. ಐದರದೊಂದು, ಎರಡರದೊಂದು, ಒಂದರದೊಂದು ನಾಣ್ಯ ಎಣಿಸಿ ಕೊಟ್ಟೆ. ಆಕೆ ನೋಡಲೂ ಇಲ್ಲ. ತಕ್ಕಡಿಯ ಪಕ್ಕದ ಡಬ್ಬಿಗೆ ಹಾಕಿದರು. ನಾಣ್ಯಗಳು ಝಣ್ ಎಂದವು.